ನವಣೆಯ ಎಡಗಡೆ

ಸಂಕ್ರಾಂತಿ ಕಳೆದು ವಾರವಾಗಿದ್ದರೂ ಬೆಳಗಿನ ಚಳಿ ಬಿಟ್ಟಿರಲಿಲ್ಲ; ಜುಂಜೇಶನ ಬಲ ಅಂಗೈ ಮಾತ್ರ ಬೆವರುತ್ತಿತ್ತು. ಆ ಬೆವರು ನೈಲಾನ್ ಹಗ್ಗಕ್ಕೆ ಹತ್ತಿ, ಹಗ್ಗದ ಗುಂಟ ನವಣೆಯ ಮುಖದವರೆಗೂ ಹೋಗಿ, ತನ್ನೊಳಗಿನದೆಲ್ಲ ಅವಳಿಗೆ ಗೊತ್ತಾಗಿಬಿಡುತ್ತದೆ ಎಂದು ಅವನಿಗೆ ಹೆದರಿಕೆ. ಗೊತ್ತಾದರೆ ಆಗಲಿ, ಅವಳಿಗೆ ಗೊತ್ತಿಲ್ಲದ್ದು ಇನ್ನೇನು ಉಳಿದಿದೆ? ಅವತ್ತು ನಡೆದದ್ದು ಗೊತ್ತಿರುವುದು ಈ ಲೋಕದಲ್ಲಿ ಇಬ್ಬರಿಗೇ. ಒಬ್ಬನಿಗೆ ಬಾಯಿದೆ, ಆಡುವುದಿಲ್ಲ, ಇನ್ನೊಬ್ಬಳು ಕುದುರೆ. ಒಕ್ಕಿದ ನವಣೆಯ ಬಣ್ಣ ಎಂದು ಅತ್ತಿಗೆ ಮುದ್ದಕ್ಕ ಇಟ್ಟ ಹೆಸರು ಅದು. ನಾಲ್ಕು ವರ್ಷದ ಹಿಂದೆ, ಸಾಮಾನು ಹೊರುತ್ತಿದ್ದ ಕತ್ತೆ ಸತ್ತಾಗ, ಅಣ್ಣ ಪಾಲಣ್ಣ ಉತ್ತರದ ಕಡೆಯಿಂದ ಬಂದ ಕುರಿಗಾರರ ಹತ್ತಿರ ಮಾತಾಡಿ ಇವಳನ್ನು ಹಿಡಿದುಕೊಂಡು ಬಂದಿದ್ದ. ಕುರಿ ಕಾಯೋರಿಗೆ ಕುದುರೆ ಬೇರೆ ಕೇಡು ಎಂದು ಹಟ್ಟಿಯವರೆಲ್ಲ ನಕ್ಕಿದ್ದರು. ಈಗ ಕುರಿ ಎಲ್ಲಿಗೆ ಹೋದರೂ ಪಾತ್ರೆ, ಕಂಬಳಿ, ನಡೆಯಲಾರದ ಎಳೆಮರಿಗಳ ಚೀಲ, ಎಲ್ಲ ಇವಳ ಬೆನ್ನ ಮೇಲೆಯೇ.

"ನಡಿ" ಎಂದ. ನವಣೆ ನಡೆದಳು. ಹತ್ತು ಹೆಜ್ಜೆ. "ನಿಲ್ಲು." ನಿಂತಳು. ಹೆದ್ದಾರಿಯ ಪಕ್ಕದ ಮಣ್ಣು ದಾರಿಯಲ್ಲಿ ಹದಿನೈದು ದಿನದಿಂದ ಇದೇ ಆಟ. ಮದಕರಿಪುರದ ಕಡೆ ಹಾಲು ಹಾಕಿ ಬರುವವರು ಬೈಕ್ ನಿಧಾನ ಮಾಡಿ, "ಏನಪ್ಪ ಜುಂಜೇಶ, ಕುದುರೆಗೆ ನಡೆಯಾಕೆ ಬರಲ್ವಾ, ನಿಂಗೆ ಬರಲ್ವಾ?" ಎಂದು ಕೇಳಿ ಹೋಗುತ್ತಿದ್ದರು. ಮೊದಲ ದಿನ ಅವನೂ ನಕ್ಕಿದ್ದ. ನಾಲ್ಕನೆಯ ದಿನದ ಹೊತ್ತಿಗೆ ಆ ಮಾತು ನಗುವ ಮಾತಾಗಿ ಉಳಿಯಲಿಲ್ಲ. ಪಶು ಆಸ್ಪತ್ರೆಯ ಡಾಕ್ಟರ್ ಲತಾ ಹೇಳಿಕೊಟ್ಟದ್ದು ಕೇಳುವಾಗ ಎಷ್ಟು ಸಲೀಸಾಗಿತ್ತು! "ನೀವು ಮುಂದೆ, ಅದು ಹಿಂದೆ ಅಲ್ಲ, ಜುಂಜೇಶ್ ಅವ್ರೇ. ಅದರ ಎಡ ಹೆಗಲ ಪಕ್ಕ ನಡೀರಿ. ಹಗ್ಗ ಸಡಿಲ ಬಿಡ್ರಿ. ಹತ್ತು ಹೆಜ್ಜೆ ನಡೀರಿ, ನಿಲ್ರಿ. ಆಮೇಲೆ ಅಷ್ಟೇ ದೂರ ಮೆಲ್ಲಗೆ ಓಡ್ರಿ, ನಿಲ್ರಿ. ಹಿಂದಕ್ಕೆ ತಿರುಗಿ ಅದರ ಮುಖ ಮಾತ್ರ ನೋಡಬೇಡ್ರಿ. ನೀವು ಮುಂದೆ ನೋಡಿದ್ರೆ, ಮುಂದೆ ಏನೂ ಭಯ ಇಲ್ಲ ಅಂತ ಅದಕ್ಕೆ ಧೈರ್ಯ ಬರ್ತದೆ." ಹಿಂದಕ್ಕೆ ನೋಡಬೇಡ ಎಂದರೆ ಹೇಗೆ? ಕುರಿಗಾರನ ಕತ್ತು ಹುಟ್ಟಿದಾಗಿನಿಂದ ಹಿಂದಕ್ಕೇ ತಿರುಗಿರುತ್ತದೆ. ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡದಿದ್ದರೆ ಯಾವ ಕುರಿ ಯಾರ ಹೊಲಕ್ಕೆ ಬಾಯಿ ಹಾಕಿದೆಯೋ, ಯಾವ ಮರಿ ಹಿಂದುಳಿಯಿತೋ! ಮೊದಲ ವಾರ ಅವನು ತಿರುಗಿದಾಗಲೆಲ್ಲ ನವಣೆ ಗಕ್ಕನೆ ನಿಂತು ಕಿವಿ ನೆಟ್ಟಗೆ ಮಾಡುತ್ತಿದ್ದಳು, ಏನಾಯಿತು, ಏನು ಬಂತು ಎನ್ನುವ ಹಾಗೆ. ಆಸ್ಪತ್ರೆಗೆ ಹೋಗಿ ಇದನ್ನು ಹೇಳಿದಾಗ ಡಾಕ್ಟರ್ ನಗುತ್ತ, "ಕುದುರೆಗೆ ಏನೂ ಆಗಿಲ್ಲ ನೋಡ್ರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗೆ ಆಗ್ಬಾರ್ದು" ಎಂದಿದ್ದರು. ಬರಿಯ ಗಾದೆ ಅದು, ಬಾಯಿಗೆ ಬಂದದ್ದು ಅಂದರು ಅಷ್ಟೇ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತಾನು. ಅವತ್ತು ಆಸ್ಪತ್ರೆಯಿಂದ ಬಸ್‌ಸ್ಟ್ಯಾಂಡಿನವರೆಗೂ ಅವರ ಮುಖ ನೆನಪಿಸಿಕೊಂಡು ನಡೆದಿದ್ದ. ಇವರಿಗೆ ಗೊತ್ತಾಗಿದೆಯೇ? ಹೇಗೆ ಗೊತ್ತಾದೀತು? ಕುದುರೆಯ ನಾಡಿ ನೋಡಿದರೆ ಮನುಷ್ಯನ ಸುಳ್ಳು ಸಿಗುತ್ತದೆಯೇ?

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಒಂದೂವರೆ ತಿಂಗಳ ಹಿಂದೆ, ಜೋಳ ಮುರಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ಹಾಕಲು ಹೊರಟಿದ್ದರು. ಹೆದ್ದಾರಿಯ ಕೆಳಗಿನ ಅಂಡರ್‌ಪಾಸಿನಲ್ಲಿ ಪಾಲಣ್ಣ ಮುಂದೆ ಹೋಗಿ ಆಚೆ ಬದಿಗೆ ನಿಂತಿದ್ದ. ನವಣೆಯ ಹಗ್ಗ ಜುಂಜೇಶನ ಕೈಯಲ್ಲಿ, ಹಿಂದೆ ನೂರೆಂಬತ್ತು ಕುರಿ. ಮುದ್ದಕ್ಕ ನವಣೆಯ ಬಲಗಡೆ, ಗೋಡೆಯ ಕಡೆಗೆ, ಜಾರುತ್ತಿದ್ದ ಮರಿಚೀಲ ಎತ್ತಿ ಕಟ್ಟುತ್ತ ನಡೆಯುತ್ತಿದ್ದಳು. ಎದುರಿನಿಂದ ಲಾರಿ ನುಗ್ಗಿತು. ಗಾಳಿ ಹಾರ್ನು. ಆ ಕಾಂಕ್ರೀಟು ಗವಿಯೊಳಗೆ ಅದು ಹಾರ್ನಿನ ಸದ್ದಾಗಿರಲಿಲ್ಲ, ಯಾರೋ ಕಿವಿಯೊಳಗೇ ನಿಂತು ಕಿರುಚಿದ ಹಾಗಿತ್ತು. ಅವನ ಕೈ ಬಿಚ್ಚಿತು. ಅಷ್ಟೇ. ನವಣೆ ಗರ್ರನೆ ತಿರುಗಿದಳು, ಮುದ್ದಕ್ಕ ಗೋಡೆಗೂ ಕುದುರೆಯ ಮೈಗೂ ನಡುವೆ ಸಿಕ್ಕಿದಳು, ಚೀಲದಿಂದ ಬಿದ್ದ ಒಂದು ಮರಿ ಲಾರಿಯ ಗಾಲಿಗೆ ಹೋಯಿತು. ಅಣ್ಣ ಓಡಿಬಂದು, ಮುಂಗೈ ಹಿಡಿದುಕೊಂಡು ಕೂತಿದ್ದ ಹೆಂಡತಿಯನ್ನು ಎತ್ತುತ್ತ, "ಏನಾತಲೇ?" ಎಂದಾಗ ಬಾಯಿ ತಾನಾಗಿ ಹೇಳಿತು: "ಹಗ್ಗ ಹರೀತಣ್ಣ." ಆಮೇಲೆ ನವಣೆಯನ್ನು ಹಿಡಿಯಲು ಹೋದವನು ಅವನೊಬ್ಬನೇ. ಅರ್ಧ ಮೈಲಿ ಆಚೆ ಜೋಳದ ಕೂಳೆಯಲ್ಲಿ ಅವಳು ನಡುಗುತ್ತ ನಿಂತಿದ್ದಳು, ಮುಖದಿಂದ ಹಗ್ಗ ಇಡಿಯಾಗಿ ಜೋತಾಡುತ್ತಿತ್ತು. ಸೊಂಟದ ಕುಡುಗೋಲು ತೆಗೆದು ಕುಯ್ದ. ಕುಯ್ದ ತುದಿ ತೀರಾ ಸಮ ಕಂಡಿತು. ಬಂಡೆಗೆ ಉಜ್ಜಿದ. ಎಳೆ ಎಳೆಯಾಗುವವರೆಗೂ ಉಜ್ಜಿದ. ಥೂ, ಅಷ್ಟು ನಿಗಾ ಇಟ್ಟು ಅವನು ಜನ್ಮದಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ನವಣೆ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

ಕೈ ಬಿಟ್ಟದ್ದು ಯಾಕೆ ಎಂಬುದಕ್ಕೆ ಅವನ ಹತ್ತಿರ ಉತ್ತರವಿತ್ತು, ಆ ಉತ್ತರದ ಮೇಲೆ ತಲೆಯಿಟ್ಟು ಒಂದೂವರೆ ತಿಂಗಳು ನಿದ್ದೆ ಮಾಡಿದ್ದ. ಗಾಡಿ ಮೇಲೆ ಬಂದರೆ ಕುರಿಗಾರ ಮಾಡುವುದೇನು? ಬೆನ್ನು ಗಾಡಿಗೆ, ಮುಖ ಕುರಿಗೆ, ಎರಡೂ ಕೈ ಅಗಲಕ್ಕೆ ಚಾಚಿ ಅಡ್ಡ ನಿಲ್ಲುವುದು. ಅಪ್ಪ ಕಲಿಸಿದ್ದು ಅದನ್ನೇ, ಮಾತು ಸರಿಯಾಗಿ ಬರುವುದಕ್ಕೂ ಮುಂಚೆ. ಕೈ ಚಾಚಿದೆ, ಹಗ್ಗ ಜಾರಿತು; ಒಂದು ಮರಿ ಹೋಯಿತು, ನೂರೆಂಬತ್ತು ಕುರಿ ಉಳಿದವು. ತಪ್ಪೇನಿದೆ ಇದರಲ್ಲಿ? ತಪ್ಪಿಲ್ಲದಿದ್ದರೆ ಹೇಳು ಮತ್ತೆ. ಹೋಗಿ ಹೇಳು. ಆಗ ಮುದ್ದಕ್ಕ ಎಡಗೈಯಲ್ಲಿ ಉಣ್ಣುವುದು ಕಣ್ಣ ಮುಂದೆ ಬರುತ್ತಿತ್ತು. ಬಲಗೈಗೆ ಮೊಣಕೈವರೆಗೆ ಪಟ್ಟಿ. ಎಡಗೈಯಲ್ಲಿ ಅನ್ನ ಮುಟ್ಟುವಾಗ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಅವ್ವ ಸತ್ತಾಗ ಹನ್ನೊಂದು ವರ್ಷದ ಅವನಿಗೆ ಮುದ್ದೆ ಮುರಿದು ಕೊಟ್ಟ ಕೈ ಅದು. ಮೂವತ್ತಾರಾದರೂ ಕುರಿ ಕಾಯುವವನಿಗೆ ಹೆಣ್ಣು ಕೊಡುವವರಿಲ್ಲ ಎಂದು ಹೊಳಲ್ಕೆರೆ, ಹಿರಿಯೂರು ಎಲ್ಲ ಸುತ್ತಿ ನೆಂಟರ ಮನೆಯ ಬಾಗಿಲಲ್ಲಿ ಅವನ ಪರವಾಗಿ ಸಣ್ಣವಳಾಗಿ ನಿಂತವಳೂ ಅವಳೇ. ನವಣೆಗೆ ದಿನಾ ಬೆಲ್ಲ ತಿನ್ನಿಸುತ್ತಿದ್ದವಳು ಈಗ ಅದರ ಕಡೆ ನೋಡುತ್ತಲೂ ಇರಲಿಲ್ಲ. "ಹಾಳಾದ್ದೇ, ತಿಂದ ಮನೆಗೆ ಎರಡು ಬಗೆದೆಯಲ್ಲೇ" ಎಂದು ಬೆನ್ನು ತಿರುಗಿಸಿ ಹೋಗುತ್ತಿದ್ದಳು. ಬೆನ್ನು ತಿರುಗಿಸಿದ್ದು ಕುದುರೆಗೆ, ಚುರುಕ್ ಅನ್ನುತ್ತಿದ್ದದ್ದು ಇವನ ಎದೆಗೆ.

ಅಣ್ಣ ಮಾರುತ್ತೇನೆ ಎಂದ. ಹೊಸದುರ್ಗದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಿಡುವ ಜಂಬಣ್ಣ ಫೋನಿನಲ್ಲೇ ಒಪ್ಪಿದ್ದ. ಬ್ಯಾಂಡು, ಪಟಾಕಿ, ಕುಡಿದು ಕುಣಿಯುವ ಹುಡುಗರ ನಡುವೆ ಹೂವು ಹೊದ್ದು ನಿಲ್ಲುವ ನವಣೆಯನ್ನು ನೆನೆದು ಜುಂಜೇಶನಿಗೆ ತಡೆಯಲಾಗಲಿಲ್ಲ. ಅಣ್ಣನ ಮುಂದೆ ಕೈ ಮುಗಿದ. "ಹದಿನೈದು ದಿನ ಕೊಡಣ್ಣ, ಸರಿ ಮಾಡ್ತೀನಿ." ಪಾಲಣ್ಣ ಯೋಚಿಸಿ, "ಹೂಂ. ಕುರಿ ಹೊರಡೋ ಹಿಂದಿನ ದಿನ ಅಂಡರ್‌ಪಾಸ್ ದಾಟಿಸಿ ತೋರ್ಸು. ದಾಟಿದ್ರೆ ಮನೇಲಿ ಇರ್ಲಿ. ಇಲ್ಲಾಂದ್ರೆ ಮಧ್ಯಾಹ್ನಕ್ಕೇ ಜಂಬಣ್ಣನ ಗಾಡಿ ಬರ್ತೈತೆ" ಎಂದ. ಹಟ್ಟಿಯಲ್ಲಿ ಜುಂಜೇಶನಿಗೆ ಹೊಸ ಹೆಸರು ಬಂತು, ಎಷ್ಟು ಕರುಣೆ ಕಣ್ರಿ ಆ ಪ್ರಾಣಿ ಮೇಲೆ ಅವನಿಗೆ, ಅತ್ತಿಗೆ ಕೈ ಮುರಿದ್ರೂ ಬಿಟ್ಟುಕೊಡಲಿಲ್ಲ ಎಂದು. ಆ ಹೊಗಳಿಕೆ ಕೇಳುವುದಕ್ಕಿಂತ ನಾಲ್ಕು ಏಟು ತಿನ್ನುವುದು ವಾಸಿ ಅನ್ನಿಸುತ್ತಿತ್ತು.

ಇವತ್ತು ಆ ಹದಿನೈದನೆಯ ದಿನ. "ಬಾ" ಎಂದು ಮೆಲ್ಲಗೆ ಓಡತೊಡಗಿದ. ನವಣೆ ಒಂದು ಕ್ಷಣವೂ ತಡ ಮಾಡದೆ ಕುಕ್ಕುಲೋಟಕ್ಕೆ ಇಳಿದಳು. ಅವಳ ಮುಂಗಾಲು ಅವನ ಕಾಲಿನ ಜೊತೆಗೇ ಏಳುತ್ತಿತ್ತು, ಬೀಳುತ್ತಿತ್ತು. ಹಗ್ಗ ಅವರಿಬ್ಬರ ನಡುವೆ ಸಡಿಲವಾಗಿ ಆಡುತ್ತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆಯ ನೆರಳು ದಾರಿಗೆ ಅಡ್ಡ ಬಂದು ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಮೊದಲ ದಿನಗಳಲ್ಲಿ ಆ ನೆರಳು ಕಾಲ ಬುಡದಲ್ಲಿ ಸರಿದರೆ ಸಾಕು, ನಾಲ್ಕು ಕಾಲೂ ಎತ್ತಿ ಹಾರುತ್ತಿದ್ದಳು. ಈಗ ತುಳಿದುಕೊಂಡೇ ಓಡಿದಳು. ಅವಳ ಉಸಿರು ಅವನ ತೋಳಿಗೆ ಬಿಸಿಯಾಗಿ ತಗಲುತ್ತಿತ್ತು. ಜುಂಜೇಶನಿಗೆ ನಗು ಬಂತು. ಯಾರೂ ಇಲ್ಲದ ದಾರಿಯಲ್ಲಿ ಗಟ್ಟಿಯಾಗಿ ನಕ್ಕ. ಎಷ್ಟು ದಿನವಾಗಿತ್ತು ಹೀಗೆ ನಕ್ಕು! ಹದಿನೈದು ದಿನದಲ್ಲಿ ಒಂದೇ ಒಂದು ಒಳ್ಳೆಯ ಕೆಲಸ ಮಾಡಿದೆ ತಾನು, ಇವಳಿಗೆ ಧೈರ್ಯ ಬಂದಿದೆ. ಖಂಡಿತ ದಾಟುತ್ತಾಳೆ. ದಾಟಿದ ಮೇಲೆ ಅಣ್ಣ ಏನನ್ನುತ್ತಾನೆ?

ಅಲ್ಲಿಗೆ ನಗು ನಿಂತಿತು. ಅಣ್ಣ ದಡ್ಡನಲ್ಲ. ಹದಿನೈದು ದಿನದಲ್ಲಿ ಕುರಿಮರಿಯ ಹಾಗೆ ಹಿಂದೆ ಬರುವ ಕುದುರೆ, ಅವತ್ತು ಅಷ್ಟು ದಪ್ಪ ಹಗ್ಗ ಹರಿದುಕೊಂಡು ಓಡಿತೇ ಎಂದು ಕೇಳುತ್ತಾನೆ. ಕೇಳದೆ ಬಿಡುವವನಲ್ಲ. ಕುದುರೆ ಕೆಟ್ಟದ್ದಾಗಿ ಉಳಿದರೆ ತಾನು ಒಳ್ಳೆಯವನಾಗಿ ಉಳಿಯುತ್ತೇನೆ; ಕುದುರೆ ಒಳ್ಳೆಯದಾದರೆ? ಜಂಬಣ್ಣನ ಗಾಡಿ ಹತ್ತಿ ಇವಳು ಹೋಗಿಬಿಟ್ಟರೆ ಅದರ ಜೊತೆ ಅವತ್ತಿನ ಮಾತೂ ಹೋಗುತ್ತದೆ, ಮತ್ತೆ ಯಾರೂ ಎತ್ತುವುದಿಲ್ಲ. ಹೀಗೆಲ್ಲ ಯೋಚಿಸುತ್ತಿರುವುದು ನಾನೇನಾ ಎಂದು ಅವನಿಗೇ ದಿಗಿಲಾಯಿತು. ಆ ದಿಗಿಲಿನಲ್ಲೇ ಅವನ ಕೈ ಹಗ್ಗವನ್ನು ಗಿಡ್ಡ ಹಿಡಿದು ಜಗ್ಗಿತು. ಸುಮ್ಮನೆ ಜಗ್ಗಿತು, ಏನೂ ಇಲ್ಲದ ಕಡೆ, ಮೋರಿಯ ಪಕ್ಕ. ನವಣೆ ತಲೆ ಮೇಲೆತ್ತಿ ಪಕ್ಕಕ್ಕೆ ಸಿಡಿದಳು, ಕಣ್ಣಿನ ಬಿಳುಪು ಕಂಡಿತು. ಏನು ಕಂಡೆ, ಯಾಕೆ ಹೆದರಿಸಿದೆ ಎನ್ನುವ ಹಾಗೆ ಅವನ ಕಡೆ ನೋಡಿದಳು. "ಇಲ್ಲ ಕಣೇ, ಏನಿಲ್ಲ, ಏನಿಲ್ಲ" ಎಂದು ಅವಳ ಕತ್ತು ಸವರಿದ. ಸವರುವಾಗಲೂ ತನ್ನ ಕೈಯನ್ನು ತಾನೇ ನಂಬಲಾರದೆ ನೋಡುತ್ತಿದ್ದ. ಅವಳು ಮಾತ್ರ ಅರೆಗಳಿಗೆಯಲ್ಲಿ ತಲೆ ತಗ್ಗಿಸಿದಳು. ಮತ್ತೆ ಅವನ ಪಕ್ಕಕ್ಕೆ ಬಂದು ನಿಂತಳು.

ಅಂಡರ್‌ಪಾಸಿನ ಹತ್ತಿರ ಪಾಲಣ್ಣ ಮೊಪೆಡ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಹಿಂದೆ ಕೂತಿದ್ದ ಮುದ್ದಕ್ಕನ ಮಡಿಲಲ್ಲಿ ಎರಡು ಎಳೆಮರಿ. "ಮರಿ ಯಾಕಣ್ಣ?" ಎಂದು ಜುಂಜೇಶ ಕೇಳಿದ.

"ಬರೀ ಮೈ ಕುದುರೆ ಯಾರು ಬೇಕಾದ್ರೂ ದಾಟಿಸ್ತಾರೆ. ನಾಳೆ ಹೊರೋದನ್ನ ಇವತ್ತು ಹೊರ್ಲಿ."

ಅಣ್ಣ ತಮ್ಮ ಇಬ್ಬರೂ ಸೇರಿ ನವಣೆಯ ಬೆನ್ನಿಗೆ ಮೊಪೆಡ್ಡಿನಲ್ಲಿ ತಂದಿದ್ದ ಹೊರೆಯ ತಡಿ ಬಿಗಿದು ಎರಡೂ ಬದಿಗೆ ಮರಿಚೀಲ ಇಳಿಬಿಟ್ಟರು. ಚೀಲದೊಳಗಿಂದ ಮರಿ ಸಣ್ಣಗೆ ಕೂಗಿತು. ನವಣೆಯ ಕಿವಿ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು, ಅಷ್ಟೇ. ಮುದ್ದಕ್ಕ ದೂರ ನಿಂತು, "ನೋಡಪ್ಪ ಜುಂಜೇಶ, ಹಗ್ಗ ಗಟ್ಟಿ ಐತಾ ಸರಿಯಾಗಿ ನೋಡ್ಕೋ. ಇದ್ರ ಸಾವಾಸ ಅಲ್ಲ. ನಿಂಗೂ ಏನಾರ ಆದೀತು" ಎಂದಳು. ಅವನು ತಲೆಯೆತ್ತಲಿಲ್ಲ. ಹಗ್ಗ ಎಳೆದು ನೋಡುವ ಹಾಗೆ ಮಾಡಿದ. ಈಗಲೇ ಹೇಳಿಬಿಡಲೇ? ಅತ್ತಿಗೆ, ಹಗ್ಗ ಯಾವತ್ತೂ ಗಟ್ಟಿಯೇ ಇತ್ತು. ಅಷ್ಟರಲ್ಲಿ ಅಣ್ಣ ಮೊಪೆಡ್ ಎಬ್ಬಿಸಿ, "ಹತ್ತು" ಎಂದು ಹೆಂಡತಿಯನ್ನು ಕೂರಿಸಿಕೊಂಡು ಅಂಡರ್‌ಪಾಸ್ ದಾಟಿ ಆಚೆಯ ಬಾಯಲ್ಲಿ ನಿಂತ. ಅಲ್ಲಿಂದ ಕೈ ಬೀಸಿದ.

"ನಡಿ."

ಬಿಸಿಲಿನಿಂದ ನೆರಳಿಗೆ ಕಾಲಿಟ್ಟಾಗ ಇಬ್ಬರ ಮೈಯೂ ಒಟ್ಟಿಗೇ ಜುಮ್ಮೆಂದಿತು. ತಲೆಯ ಮೇಲೆ ಹೆದ್ದಾರಿಯ ಲಾರಿಗಳು ಸೇತುವೆಯ ಸಂದು ದಾಟುವಾಗಲೆಲ್ಲ ಧಡ್ ಧಡ್ ಎಂದು ಮೇಲ್ಚಾವಣಿ ಗುದ್ದುತ್ತಿತ್ತು. ಎಡ ಹೆಗಲ ಪಕ್ಕ. ಹಗ್ಗ ಸಡಿಲ. ಮುಂದೆ ನೋಡು. ಮುಂದೆ ಬೆಳಕಿನ ಚೌಕದೊಳಗೆ ಅಣ್ಣ, ಅತ್ತಿಗೆ, ಮೊಪೆಡ್ಡು. ಇದೇ ಜಾಗದಲ್ಲಿ, ಈ ಗೋಡೆಗೆ ಬೆನ್ನು ಕೊಟ್ಟು ಅವತ್ತು ಅತ್ತಿಗೆ ಕೂತಿದ್ದು. ಆ ಗೋಡೆ ನೋಡಬೇಡ. ನಾಲ್ಕು ಹೆಜ್ಜೆ. ಏಳು. ನವಣೆ ಒಮ್ಮೆ ಜೋರಾಗಿ ಉಸಿರುಬಿಟ್ಟು ತಲೆ ಇಳಿಸಿದಳು. ಹೀಗೆ ಉಸಿರು ಬಿಟ್ಟರೆ ಅದರ ಹೆದರಿಕೆ ಇಳಿಯಿತು ಅಂತ ಲೆಕ್ಕ ಎಂದು ಡಾಕ್ಟರ್ ಹೇಳಿದ್ದರು. ಇವನ ಎದೆ ಮಾತ್ರ ಡವಡವ ಎನ್ನುತ್ತಲೇ ಇತ್ತು. ನಡುಮಧ್ಯಕ್ಕೆ ಬಂದರು. ಇನ್ನು ಅರ್ಧ. ಅಯ್ಯೋ ದೇವರೇ, ದಾಟುತ್ತಾಳೆ ಇವಳು, ದಾಟಿಯೇಬಿಡುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ಎದುರಿನ ಬೆಳಕಿನ ಚೌಕ ಕಪ್ಪಾಯಿತು.

ಲಾರಿ. ಅಣ್ಣ ಏನೋ ಕೂಗಿದ. ಅದರ ಮೇಲೆ ಹಾರ್ನು ಬಿತ್ತು, ಗೋಡೆಯಿಂದ ಗೋಡೆಗೆ ಬಡಿದು ಅಲೆಅಲೆಯಾಗಿ ಬಂದು ಕಿವಿ ತುಂಬಿತು. ಆಮೇಲಿನದು ಅವನಿಗೆ ಗೊತ್ತಾಗಲಿಲ್ಲ. ಗಾಳಿ ಬಂತು, ಧೂಳು ಬಂತು, ಡೀಸೆಲ್ ವಾಸನೆ ಬಂತು, ಬಿಸಿಯಾದ ದೊಡ್ಡದೊಂದು ಬೆನ್ನಿಗೆ ಉಜ್ಜುವಷ್ಟು ಹತ್ತಿರ ಹಾದುಹೋಯಿತು. ಸದ್ದು ದೂರವಾದ ಮೇಲೆ ಕಣ್ಣು ಬಿಟ್ಟ.

ಬಂದ ದಾರಿಯ ಕಡೆಗೆ ಮುಖ ಮಾಡಿ ನಿಂತಿದ್ದ. ಎರಡೂ ಕೈ ಅಗಲಕ್ಕೆ ಚಾಚಿದ್ದವು. ಬೆರಳುಗಳೆಲ್ಲ ಬಿಚ್ಚಿದ್ದವು. ಎದುರಿಗೆ ಖಾಲಿ ಡಾಂಬರು ರಸ್ತೆ. ಒಂದು ಪ್ಲಾಸ್ಟಿಕ್ ಕವರು ಲಾರಿಯ ಗಾಳಿಗೆ ಹೊರಳಾಡುತ್ತಿತ್ತು. ಒಂದೇ ಒಂದು ಕುರಿ ಇರಲಿಲ್ಲ. ಯಾರನ್ನು ತಡೆಯುತ್ತಿದ್ದೇನೆ? ಅವನು ಆ ಖಾಲಿ ರಸ್ತೆಯನ್ನು ನೋಡುತ್ತಲೇ ನಿಂತ. ಒಂದೂವರೆ ತಿಂಗಳು ತಲೆಗಿಟ್ಟುಕೊಂಡಿದ್ದ ಉತ್ತರ ಅಲ್ಲಿ ಇರಲಿಲ್ಲ. ಅವತ್ತೂ ಕುರಿಗೆಂದು ಚಾಚಿದ್ದಲ್ಲ. ಹೆದರಿಕೆಯಾಯಿತು, ಬಿಟ್ಟೆ. ಇಷ್ಟೇ. ಅತ್ತಿಗೆ ಅಲ್ಲಿದ್ದಾಳೆಂದು ಗೊತ್ತಿದ್ದೂ ಬಿಟ್ಟೆ.

ಕುತ್ತಿಗೆಯ ಹಿಂದೆ ಬಿಸಿ ಗಾಳಿ ತಗಲಿತು. ತಿರುಗಿದ. ನವಣೆ ನಿಂತಿದ್ದಳು. ಮೈಯೆಲ್ಲ ಸಣ್ಣಗೆ ನಡುಗುತ್ತಿತ್ತು, ಹಗ್ಗ ನೆಲದ ಮೇಲೆ ಬಿದ್ದಿತ್ತು, ಓಡಲು ಎರಡೂ ಕಡೆ ದಾರಿಯಿತ್ತು. ಎಲ್ಲಿಗೂ ಹೋಗದೆ ಅವನ ಮೈಗೆ ಮೂತಿ ತಾಗಿಸಿಕೊಂಡು ನಿಂತಿದ್ದಳು. ಚೀಲದಲ್ಲಿ ಮರಿಗಳು ಕೂಗುತ್ತಿದ್ದವು.

ಪಾಲಣ್ಣ ನಡೆದು ಬಂದ. ಓಡಿ ಬರಲಿಲ್ಲ. ಹತ್ತಿರ ಬಂದು ನೆಲದ ಮೇಲಿನ ಹಗ್ಗ ನೋಡಿದ, ತಮ್ಮನ ಕೈ ನೋಡಿದ.

"ಲೇ, ಯಾವ ಕುರಿ ತಡೀತಿದ್ದೆ?"

ಜುಂಜೇಶ ಕೈ ಇಳಿಸಿದ.

"ಅವತ್ತೂ ಹಿಂಗೇನಾ?"

"ಹೂಂ ಅಣ್ಣ."

"ಹಗ್ಗ ಹರಿದಿತ್ತಲ್ಲೋ. ನಾನೇ ನೋಡಿದ್ನಲ್ಲ, ಎಳೆ ಎಳೆ ಆಗಿತ್ತು."

"ನಾನೇ ಕುಯ್ದೆ. ಕಲ್ಲಿಗೆ ಉಜ್ಜಿದೆ."

ಹೇಳಿದ ಮೇಲೆ ಮೈ ಹಗುರಾಗುತ್ತದೆ ಎಂದು ಯಾರು ಹೇಳಿದರೋ! ಏನೂ ಹಗುರಾಗಲಿಲ್ಲ. ಅಣ್ಣನ ಕೈ ಮೇಲೇಳುತ್ತದೆ, ಕೆನ್ನೆಗೆ ಬೀಳುತ್ತದೆ ಎಂದು ಕಾದ. ಬೀಳಲಿ, ಬೇಗ ಬೀಳಲಿ. ಪಾಲಣ್ಣ ಜೇಬಿಗೆ ಕೈ ಹಾಕಿ ಮೊಬೈಲ್ ತೆಗೆದ. "ಜಂಬಣ್ಣಾರಾ? ಗಾಡಿ ತರಬ್ಯಾಡ್ರಿ. ಇಲ್ಲ, ಕುದುರೇಲಿ ಏನೂ ಐಬಿಲ್ಲ" ಎಂದ. ಆಚೆಯವರು ಏನೋ ಕೇಳಿದರು. "ಏನಿಲ್ಲ ಬಿಡ್ರಿ, ಮನೆ ವಿಷಯ" ಎಂದು ಇಟ್ಟ.

ಅಷ್ಟರಲ್ಲಿ ಮುದ್ದಕ್ಕನೂ ಬಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಜುಂಜೇಶ, "ಅತ್ಗೇ" ಎಂದ. ಅವಳು ಅವನನ್ನು ದಾಟಿಕೊಂಡು ಹೋಗಿ ನವಣೆಯ ಮುಂದೆ ನಿಂತಳು. ಪಟ್ಟಿ ಕಟ್ಟಿದ ಕೈ ಎತ್ತಲಾರದೆ ಎಡಗೈಯನ್ನು ಅದರ ಹಣೆಗೆ ಇಟ್ಟಳು.

"ತಪ್ಪಾತು ಕಣವ್ವ" ಎಂದಳು. "ಇಷ್ಟು ದಿನ ನಿನ್ ಮುಖ ನೋಡ್ಲಿಲ್ಲ. ಬಾಯಿಗೆ ಬಂದಂಗೆ ಅಂದೆ. ನೀನಾದ್ರೂ ಏನು ಹೇಳ್ತೀಯ ಪಾಪ." ಆಮೇಲೆ ತಿರುಗದೆಯೇ, ಕುದುರೆಗೆ ಹೇಳುವ ದನಿಯಲ್ಲೇ, "ಈ ಕೈ ಮುರಿದಿದ್ದಕ್ಕಲ್ಲ ಕಣೋ ಜುಂಜೇಶ. ಹೆದ್ರಿಕೆ ಆತು ಅಂದಿದ್ರೆ ಆಗಿತ್ತು. ಯಾರಿಗೆ ಹೆದ್ರಿಕೆ ಆಗಲ್ಲ? ಬಾಯಿಲ್ಲದ್ರ ಮೇಲೆ ಹಾಕಿದೆಯಲ್ಲೋ. ನನ್ ಕೈಲೂ ಅದಕ್ಕೆ ಶಾಪ ಹಾಕ್ಸಿದೆಯಲ್ಲೋ" ಎಂದಳು. ಅವಳು ಅಳುತ್ತಿದ್ದಳೋ ಇಲ್ಲವೋ ಅವನಿಗೆ ಕಾಣಲಿಲ್ಲ.

ಅವನು ಬಗ್ಗಿ ಹಗ್ಗ ಎತ್ತಿಕೊಳ್ಳಲು ಹೋದ. ಮುದ್ದಕ್ಕ ಅವನಿಗಿಂತ ಮೊದಲೇ ಬಗ್ಗಿ ಎಡಗೈಯಲ್ಲಿ ಎತ್ತಿಕೊಂಡಳು. ಅವನು ಕೈ ಚಾಚಿದಾಗ ಹಗ್ಗವನ್ನು ಸೆರಗಿನ ಮರೆಗೆ ಸರಿಸಿಕೊಂಡು, "ಬ್ಯಾಡ" ಎಂದಳು. ಒಂದೇ ಮಾತು. ಪಾಲಣ್ಣ ಮೊಪೆಡ್ಡಿನ ಕಡೆ ಹೊರಟಿದ್ದ, "ಹೋಗಾಣ ನಡಿ, ಬಿಸಿಲೇರ್ತೈತೆ" ಎಂದು ಹೆಂಡತಿಗೆ ಹೇಳಿದ. ತಮ್ಮನ ಹೆಸರು ಹೇಳಲಿಲ್ಲ.

"ಬಾರವ್ವ" ಎಂದು ಮುದ್ದಕ್ಕ ಹಗ್ಗ ಎಳೆದಳು. ನವಣೆ ಒಂದು ಹೆಜ್ಜೆ ಇಟ್ಟು ನಿಂತಳು. ಇನ್ನೊಮ್ಮೆ ಎಳೆದಳು. ನವಣೆ ಕತ್ತು ತಿರುಗಿಸಿ ಜುಂಜೇಶನ ಕಡೆ ನೋಡುತ್ತ ನಾಲ್ಕು ಕಾಲೂ ನೆಲಕ್ಕೆ ಊರಿದಳು. ಹದಿನೈದು ದಿನ ಅವಳ ಎಡಗಡೆ ಒಂದು ಹೆಗಲಿತ್ತು, ಈಗ ಅಲ್ಲಿ ಯಾರೂ ಇರಲಿಲ್ಲ. ಮುದ್ದಕ್ಕ ಬೆಲ್ಲದ ಮಾತಾಡಿದಳು, ಗದರಿದಳು, ಕೊನೆಗೆ ಹಗ್ಗ ಸಡಿಲ ಬಿಟ್ಟು ಸುಮ್ಮನೆ ನಿಂತಳು. ತಲೆಯ ಮೇಲೆ ಲಾರಿಗಳು ಹೋಗುತ್ತಲೇ ಇದ್ದವು.

"ಬಾ" ಎಂದಳು, ಜುಂಜೇಶನ ಕಡೆ ನೋಡದೆ. "ನೀನು ಬರ್ದೆ ಇದು ಬರಾಕಿಲ್ಲ. ಅದಕ್ಕಾದ್ರೂ ನೀನು ಬೇಕಂತೆ."

ಅವನು ಹೋಗಿ ನವಣೆಯ ಎಡಗಡೆ ನಿಂತ. ಅವಳು ಕೂಡಲೇ ನಡೆದಳು. ಹಗ್ಗ ಅತ್ತಿಗೆಯ ಕೈಯಲ್ಲೇ ಇತ್ತು. ಅಣ್ಣ ಆಗಲೇ ಆಚೆಯ ಬಾಯಲ್ಲಿ ಮೊಪೆಡ್ ಹಿಡಿದು ನಿಂತಿದ್ದ. ಬೆಳಕಿನ ಕಡೆಗೆ ಇನ್ನೂ ಮೂವತ್ತು ನಲವತ್ತು ಹೆಜ್ಜೆಯಿತ್ತು. ಜುಂಜೇಶ ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದ. ಎರಡೂ ಕೈ ಖಾಲಿಯಿದ್ದವು, ಎಲ್ಲಿ ಇಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.